ಗೆರೆಯೊಳಗಿನ ಜಗಳ

ತಿಂಡಿಯ ಪಾತ್ರೆ ತೊಳೆದಾದ ಮೇಲೆ ನಾನು ದಿನಾ ಹಿತ್ತಿಲಿಗೆ ಹೋಗಿ ನನ್ನ ವಾರಗಿತ್ತಿ ಚಂಪಕಕ್ಕನ ಜೊತೆ ಜಗಳವಾಡಬೇಕು. ಹದಿನೆಂಟು ವರ್ಷದಿಂದ ಅದೇ ಜಗಳ, ಅದೇ ಮಾತು, ಅದೇ ಒಗೆಯುವ ಕಲ್ಲು. ಹಬ್ಬವಿರಲಿ, ಹಲ್ಲುನೋವಿರಲಿ, ತಪ್ಪಿಸುವಂತಿಲ್ಲ. ಅತ್ತೆ ತೀರಿಹೋದ ಮರುದಿನವೂ ಆಡಿದ್ದೇವೆ. ಆವತ್ತು ನೋಡಲು ಬಂದವರೊಬ್ಬರು, ದುಃಖ ಮಾತಿನ ಅಡಿಯಲ್ಲಿ ಬಹಳ ಚೆನ್ನಾಗಿ ಹರಿಯುತ್ತಿತ್ತು ಅಂತ ನನ್ನ ಗಂಡನಿಗೆ ಹೇಳಿ ಹೋದರು. ಅವರು ಆ ಮಾತನ್ನು ಸೂತಕದ ಮನೆಯಲ್ಲಿ ಕೂತವರಿಗೆಲ್ಲ ಒಬ್ಬೊಬ್ಬರಿಗೇ ಹೇಳಿದರು.

ನಮ್ಮೂರಲ್ಲಿ ಗೆರೆಯವರು ಯಾವುದರ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾರೋ ಅದು ಕೃತಿ. ಕೃತಿಯಾದದ್ದನ್ನು ಬದಲಿಸುವಂತಿಲ್ಲ. ಪೇಟೆ ಬೀದಿಯ ತಿರುವಿನಲ್ಲಿ ಒಂದು ಸೈಕಲ್ಲು ಅಡ್ಡ ಬಿದ್ದಿದೆ. ಅದರ ಯಜಮಾನ ಆವತ್ತಿನಿಂದ ನಡೆದೇ ಕೆಲಸಕ್ಕೆ ಹೋಗುತ್ತಾನೆ, ಬಸ್ಸು ಸುತ್ತು ಹಾಕಿ ಹೋಗುತ್ತದೆ. ಕ್ಷೌರದ ಅಂಗಡಿಯ ಬೆಂಚಿನ ಮೇಲೆ ಒಂದು ಸಂಜೆ ಮೈಮುರಿದು ಆಕಳಿಸಿದ ಮನುಷ್ಯನೊಬ್ಬ ಈಗಲೂ ಸಂಜೆ ಬಂದು ಆಕಳಿಸಿ ಹೋಗುತ್ತಾನೆ. ಅವನಿಗೆ ನಿದ್ದೆಯೇ ಬರುವುದಿಲ್ಲವಂತೆ. ಜನ ಇದಕ್ಕೆಲ್ಲ ಹೊಂದಿಕೊಂಡುಬಿಟ್ಟಿದ್ದಾರೆ. ತರಕಾರಿಯವಳು ಟೊಮೆಟೊವನ್ನು ಬೇಕೆಂದೇ ಅಸ್ತವ್ಯಸ್ತವಾಗಿ ಸುರಿದಿರುತ್ತಾಳೆ, ಚೆನ್ನಾಗಿ ಪೇರಿಸಿಟ್ಟರೆ ಮಾರುವ ಹಾಗಿಲ್ಲವಲ್ಲ. ಬಾಗಿಲಲ್ಲಿ ಬೆಳಕಿಗೆ ಎದುರಾಗಿ ನಿಂತ ಮಕ್ಕಳನ್ನು ತಾಯಂದಿರು ಒಳಗೆಳೆದುಕೊಂಡು, "ಅಷ್ಟು ಚೆನ್ನಾಗಿ ನಿಂತ್ಕೋಬೇಡ, ಗೆರೆ ಎಳೆದುಬಿಡ್ತಾರೆ" ಅಂತ ಬೈಯುತ್ತಾರೆ. ಗೆರೆ ಮೀರಿದರೆ ಏನಾಗುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ಯಾರೂ ಮೀರಿಲ್ಲ.

ಗೆರೆಯವರ ಗುಂಪಿಗೆ ಹಿರಿಯರು ದಿನಮಣಿ ಮೇಷ್ಟ್ರು. ಶಾಲೆಯಲ್ಲಿ ಡ್ರಾಯಿಂಗ್ ಹೇಳಿಕೊಡುತ್ತಿದ್ದವರು. ಚೌಕಟ್ಟು ಹಾಕಿ ಗೋಡೆಗೆ ತಗುಲಿಸಿದ ಚಿತ್ರವೆಲ್ಲ ಹೆಣ, ಬದುಕೇ ನಿಜವಾದ ಕೃತಿ, ನೋಡುವ ಕಣ್ಣು ಬೇಕು ಅಷ್ಟೇ ಅನ್ನುವುದು ಅವರ ಮಾತು. ಕೆಟ್ಟ ಮನುಷ್ಯರೇನಲ್ಲ. ಕೆಟ್ಟವರಾಗಿದ್ದರೆ ಸುಲಭವಿತ್ತು. ನನ್ನ ಗಂಡ ಶ್ರೀಕಂಠ ಮದುವೆಯಾದ ಎರಡನೇ ವರ್ಷ ಆ ಗುಂಪಿಗೆ ಸೇರಿದರು. ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಅವರಿಗೆ ತಿಳಿಯುವುದಿಲ್ಲ, ಸಾರಿನಿಂದ ಏಳುವ ಹಬೆ ಮಾತ್ರ ಎದ್ದು ಕಾಣುತ್ತದೆ. ಹಬೆ ನೋಡುತ್ತಾ ಕೂತು ಅನ್ನ ಆರಿಸಿಕೊಂಡು ಉಣ್ಣುವ ಗಂಡಸಿನ ಜೊತೆ ಬಾಳ್ವೆ ಮಾಡಿದವರಿಗೆ ಉಳಿದದ್ದನ್ನು ನಾನು ಹೇಳಬೇಕಾಗಿಲ್ಲ.

ಆ ಜಗಳ ಆದದ್ದು ಹೀಗೆ. ಚಂಪಕಕ್ಕನ ಮಗಳು ಮಂದಾರ ಆಗ ಎಂಟರ ಹುಡುಗಿ. ಐದಾರು ದಿನ ಸುಡುವ ಜ್ವರ ಬಂದು ಆಗಷ್ಟೇ ಬಿಟ್ಟಿತ್ತು. ತಲೆಯೆಲ್ಲ ಬೆವರಿ ಅಂಟು ಅಂಟಾಗಿ, ಕೆರೆದುಕೊಂಡು ಅಳುತ್ತಿತ್ತು ಮಗು. ಅಕ್ಕ ಹಾಲಿನವನ ಹತ್ತಿರ ಮಾತಾಡುತ್ತಾ ಬೀದಿ ಬಾಗಿಲಲ್ಲಿದ್ದಳು. ನಾನು ಬಿಸಿನೀರು ಹದ ಮಾಡಿ ತಲೆಗೆ ಹಾಕಿಬಿಟ್ಟೆ. ಒರೆಸಿ, ಟವೆಲ್ ಸುತ್ತಿ ಕೂರಿಸಿ, ಅವಳು ಜ್ವರದಲ್ಲಿ ಹೊದ್ದಿದ್ದ ಹೊದಿಕೆ ಒಗೆಯಲು ಹಿತ್ತಿಲಿಗೆ ಹೋದೆ. ಅಕ್ಕ ಹಿಂದೆಯೇ ಬಂದಳು.

"ಜ್ವರ ಬಿಟ್ಟು ಎರಡು ದಿನ ಆಗಿಲ್ಲ, ತಲೆಗೆ ನೀರು ಹಾಕಿದೀಯಲ್ಲ, ಯಾರನ್ನ ಕೇಳಿ ಹಾಕಿದೆ?"

"ತಲೆಯೆಲ್ಲ ಅಂಟಾಗಿತ್ತು ಅಕ್ಕ. ಅಳ್ತಾ ಇದ್ದಳು."

"ಮಗು ಅಂದ ಮೇಲೆ ಅಳತ್ತೆ. ಅತ್ತಿದ್ದಕ್ಕೆಲ್ಲ ಕುಣಿಯೋದಾ?"

"ಬಿಸಿನೀರೇ ಹಾಕಿದ್ದು. ಚೆನ್ನಾಗಿ ಒರೆಸಿದೀನಿ."

"ಒರೆಸಿದಾಳಂತೆ. ಹೆತ್ತಿದ್ದರೆ ಗೊತ್ತಾಗ್ತಿತ್ತು."

ನಾನು ಒದ್ದೆ ಹೊದಿಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತೆ. ನೀರು ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ಆ ಹೊತ್ತಿಗೆ ನನ್ನ ಗಂಡನನ್ನು ನೋಡಲು ಬಂದಿದ್ದ ದಿನಮಣಿ ಮೇಷ್ಟ್ರು ಕಾಫಿ ಲೋಟ ಹಿಡಿದು ಹಿತ್ತಿಲ ಮೆಟ್ಟಿಲ ಮೇಲೆ ನಿಂತಿದ್ದರಂತೆ. ಲೋಟ ಕೆಳಗಿಟ್ಟು, ಬಗ್ಗಿ, ನಮ್ಮಿಬ್ಬರನ್ನೂ ಕಲ್ಲನ್ನೂ ಸೇರಿಸಿ ಸುತ್ತ ಗೆರೆ ಎಳೆದರು. ಆಮೇಲೆ ಉಳಿದ ಕಾಫಿ ಕುಡಿದರು.

ನನಗೆ ಉತ್ತರವಿರಲಿಲ್ಲ ಅಂತಲ್ಲ. ನಾಲಿಗೆಯ ತುದಿಯಲ್ಲೇ ಇತ್ತು. ಜ್ವರ ಏರಿದ್ದಾಗ ಪಕ್ಕದಲ್ಲೇ ಮಲಗಿದ್ದ ಅಮ್ಮನನ್ನು ಬಿಟ್ಟು ಆ ಮಗು ಗೋಡೆಯಾಚೆ ಇದ್ದ ನನ್ನನ್ನು ಕೂಗಿ ಕರೆದಿತ್ತು. ಎರಡು ಸಲ, ಚಿಕ್ಕಮ್ಮಾ ಅಂತ. ನಾನು ಹೋಗಿ ಎತ್ತಿಕೊಂಡಾಗ ಅಕ್ಕ ಆಚೆ ಮಗ್ಗುಲಾಗಿ ನಿದ್ದೆ ಹೋಗಿದ್ದಳು. ಹೆತ್ತ ನಿನ್ನನ್ನು ಬಿಟ್ಟು ನನ್ನನ್ನು ಕರೆದಳಲ್ಲ, ಅದಕ್ಕೇನಂತೀಯಾ, ಅಂತ ಕೇಳಬೇಕು ಅಂತ ಬಾಯಿ ತೆರೆಯುವಷ್ಟರಲ್ಲಿ ಗೆರೆ ಕೂಡಿಹೋಗಿತ್ತು. ಕೃತಿಯೊಳಗೆ ನನ್ನ ಪಾಲಿಗೆ ಉಳಿದದ್ದು ಸುಮ್ಮನೆ ನಿಲ್ಲುವುದು.

ಅವತ್ತೇ ಸಂಜೆ ನಾನು ಹುರುಳಿಕಾಯಿ ಹೆಚ್ಚುತ್ತಿದ್ದಾಗ ಅಕ್ಕ ಅಡುಗೆಮನೆಗೆ ಬಂದಳು. "ವಾರಿಜಾ, ಬಾಯಿಗೆ ಬಂದದ್ದು ಅಂದುಬಿಟ್ಟೆ ಕಣೆ. ಮನಸ್ಸಿಗೆ ಹಚ್ಚಿಕೋಬೇಡ. ತಪ್ಪಾಯ್ತು" ಅಂದಳು. ಹೋಗಲಿ ಬಿಡು ಅಕ್ಕ ಅಂದೆ. ನಿಜವಾಗಿ ಹೋಗಿತ್ತು ಕೂಡ. ಕೂಡುಮನೆಯಲ್ಲಿ ಹೆಂಗಸರು ಹೀಗೆ ಅಂದು, ಅನ್ನಿಸಿಕೊಂಡು, ಸಂಜೆಗೆ ಒಂದೇ ತಟ್ಟೆಯಲ್ಲಿ ಚಕ್ಕುಲಿ ತಿನ್ನುವುದು ಹೊಸದೇನಲ್ಲ. ಆದರೆ ಮರುದಿನ ಬೆಳಿಗ್ಗೆ ಹಿತ್ತಿಲಲ್ಲಿ ಏಳೆಂಟು ಜನ ಕೈಕಟ್ಟಿಕೊಂಡು, ತಲೆ ಒಂದು ಕಡೆಗೆ ವಾಲಿಸಿಕೊಂಡು ನಿಂತಿದ್ದರು. ಅಕ್ಕ ಮತ್ತೆ ಅಂದಳು. ಸಂಜೆ ಮತ್ತೆ ತಪ್ಪಾಯ್ತು ಅಂದಳು. ಅದರ ಮರುದಿನ ಮತ್ತೆ ಅಂದಳು. ಒಂದು ವಾರ ಕಳೆಯುವಷ್ಟರಲ್ಲಿ ನಾನೇ ಹೇಳಿದೆ, "ಅಕ್ಕ, ದಮ್ಮಯ್ಯ, ಇನ್ನು ತಪ್ಪಾಯ್ತು ಅನ್ನಬೇಡ. ಬೆಳಿಗ್ಗೆಯದ್ದನ್ನ ಹೇಗೋ ತಡಕೋತೀನಿ. ಸಂಜೆಯದ್ದನ್ನ ತಡಕೊಳ್ಳೋಕಾಗ್ತಿಲ್ಲ."

ಅಷ್ಟರಲ್ಲಿ ನನ್ನ ಗಂಡ ಇದನ್ನೂ ಮೇಷ್ಟ್ರ ಕಿವಿಗೆ ಹಾಕಿದ್ದರು. ಬೆಳಿಗ್ಗೆಯ ಜಗಳಕ್ಕೆ ಸಂಜೆಯ ಕ್ಷಮೆ ಜೋಡಿಯಾದರೆ ಎಷ್ಟು ಚೆನ್ನ ಅಂತ ಮೇಷ್ಟ್ರು ಸುಣ್ಣದ ಕಡ್ಡಿ ಹಿಡಿದು ಅಡುಗೆಮನೆಯ ತನಕ ಬಂದರು. ಅಕ್ಕ ಈಳಿಗೆಮಣೆಯನ್ನು ಹೊಸ್ತಿಲಿಗೆ ಅಡ್ಡ ಇಟ್ಟುಕೊಂಡು ಕೂತು ಕುಂಬಳಕಾಯಿ ಸೀಳತೊಡಗಿದಳು. "ಒಳಗೆ ಬನ್ನಿ ಮೇಷ್ಟ್ರೇ, ನೋಡಿಕೊಂಡು ಬನ್ನಿ, ಕಾಲು ಜೋಪಾನ" ಅಂದಳು. ಅವರು ಬರಲಿಲ್ಲ. ನಾವಿಬ್ಬರೂ ಆವತ್ತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆದರೆ ಆಮೇಲೆ ನಮ್ಮ ನಡುವೆ ಆ ವಿಷಯದ ಮಾತೇ ನಿಂತುಹೋಯಿತು. ಅದು ನಿಂತ ಮೇಲೆ ನಿಧಾನವಾಗಿ ಉಳಿದದ್ದೂ ನಿಂತಿತು. ಹಾಲು ಬಂತಾ, ಗ್ಯಾಸ್ ಮುಗೀತಾ, ಸೊಪ್ಪು ಬಿಡಿಸಿದೀಯಾ. ಇಬ್ಬರು ಹೆಂಗಸರು ಒಂದು ಮನೆ ನಡೆಸಲು ಅಷ್ಟು ಮಾತು ಸಾಕಾಗುತ್ತದೆ.

ನಿಲ್ಲಿಸಲು ನಾವು ಪ್ರಯತ್ನಪಡಲಿಲ್ಲ ಅಂತ ಯಾರೂ ತಿಳಿಯಬಾರದು. ಕೆಟ್ಟದಾಗಿ ಆಡಿದರೆ ಜನ ಬರುವುದಿಲ್ಲ ಅಂತ ಒಂದಷ್ಟು ದಿನ ಪಾಠ ಒಪ್ಪಿಸುವ ಹಾಗೆ ಮಣಮಣ ಅಂದೆವು. ನೋಡಲು ಬಂದವರು, ಈಗ ಮಾಗಿದೆ, ಆವೇಶ ಕಳಚಿ ತಿರುಳು ಉಳಿದಿದೆ ಅಂದರು. ಒಂದು ದಿನ ಅಕ್ಕನಿಗೆ ನಡುವೆ ಸೀನು ಬಂತು, ಚಪ್ಪಾಳೆ ಹೊಡೆದರು. ಒಮ್ಮೆ ನಾವಿಬ್ಬರೂ ಹಿತ್ತಿಲಿಗೆ ಹೋಗದೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತೆವು. ಬಂದವರು ಹೋಗಲೇ ಇಲ್ಲ. ಕುಡಿಯಲು ನೀರು ಕೇಳಿದರು, ಕೈತೊಳೆಯಲು ನೀರು ಕೇಳಿದರು, ನಾನು ನೆಟ್ಟಿದ್ದ ಕರಿಬೇವಿನ ಸಸಿಯನ್ನು ತುಳಿದರು, ಖಾಲಿ ಕಲ್ಲನ್ನು ನೋಡಿ ಇನ್ನೂ ಹೆಚ್ಚು ತಲೆ ವಾಲಿಸಿದರು. ಮಧ್ಯಾಹ್ನದ ಹೊತ್ತಿಗೆ ನನ್ನ ಗಂಡ ಅವರಿಗೆಲ್ಲ ಊಟಕ್ಕೆ ಹೇಳಿಬಿಡುತ್ತಾರೆ ಅನ್ನುವ ಹೆದರಿಕೆಯಲ್ಲಿ ನಾವೇ ಹೋಗಿ ಜಗಳವಾಡಿ ಬಂದೆವು. ಅದು ಅಡುಗೆಗಿಂತ ಬೇಗ ಮುಗಿಯುವ ಕೆಲಸ.

ಎಲ್ಲರಿಗೂ ಹಿಡಿಸಿದ್ದು ನನ್ನ ಮೌನ. ಹೊರಗಿನ ಊರಿನಿಂದ ಬಂದಿದ್ದ ಒಬ್ಬಾಕೆ ಅದರ ಮೇಲೆ ದೊಡ್ಡ ಲೇಖನವನ್ನೇ ಬರೆದಳು. ನನ್ನ ಗಂಡ ಊಟದ ಹೊತ್ತಿಗೆ ಗಟ್ಟಿಯಾಗಿ ಓದಿದರು. ನನ್ನ ಮೌನದಲ್ಲಿ ನೆಲದ ತಾಳ್ಮೆಯಿದೆಯಂತೆ, ನೀರಿನ ಒಪ್ಪಿಗೆಯಿದೆಯಂತೆ. "ಕೇಳಿದೆಯಾ? ನಿನ್ನ ಬಗ್ಗೆ ಎಷ್ಟು ಚೆನ್ನಾಗಿ ಬರೆದಿದ್ದಾಳೆ" ಅಂದರು. ನಾನು ಮಜ್ಜಿಗೆ ಬಡಿಸಿದೆ. ದಿನಾ ಬೆಳಿಗ್ಗೆ ಒಗೆದ ನೀರಿಗೆ ಅಳಿಸಿದ ಗೆರೆಯನ್ನು ಮರಳಿ ತಿದ್ದುವ ಕೆಲಸ ಅವರದ್ದೇ. ನಡುವಿಗೆ ಪಂಚೆ ಎತ್ತಿ ಕಟ್ಟಿ, ಕುಕ್ಕರಗಾಲಲ್ಲಿ ಕೂತು, ನಾಲಿಗೆ ಕಚ್ಚಿಕೊಂಡು ತಿದ್ದುತ್ತಾರೆ. ಮನೆಯಲ್ಲಿ ಅವರು ತಾವಾಗಿ ಮಾಡುವ ಕೆಲಸ ಅದೊಂದೇ. ಹೆತ್ತಿದ್ದರೆ ಗೊತ್ತಾಗುತ್ತಿತ್ತು ಅನ್ನುವ ಮಾತು ತಮಗೂ ಸೇರಿದ್ದು ಅಂತ ಈ ಹದಿನೆಂಟು ವರ್ಷದಲ್ಲಿ ಒಂದು ಬೆಳಿಗ್ಗೆಯಾದರೂ ಅವರಿಗೆ ಅನ್ನಿಸಿತ್ತೋ ಇಲ್ಲವೋ ನಾನು ಕೇಳಿಲ್ಲ. ಅನ್ನಿಸಿದ್ದರೆ ಗೆರೆ ಒಂದು ದಿನವಾದರೂ ಸೊಟ್ಟಗಾಗುತ್ತಿತ್ತು.

ಮಂದಾರ ಈ ಜಗಳ ಕೇಳುತ್ತಲೇ ಜಡೆ ಹಾಕಿಸಿಕೊಂಡಳು, ದೊಡ್ಡವಳಾದಳು, ಕಾಲೇಜಿಗೆ ಹೋದಳು. ಹತ್ತು ಹನ್ನೊಂದು ವರ್ಷದವಳಿದ್ದಾಗ ಒಮ್ಮೆ ನನ್ನ ಹತ್ತಿರ ಬಂದು ಕೇಳಿದ್ದಳು.

"ಚಿಕ್ಕಮ್ಮ, ಅಮ್ಮ ಇನ್ನೂ ಆವತ್ತು ನನ್ನ ತಲೆಗೆ ನೀರು ಹಾಕಿದ್ದಕ್ಕೇ ಬೈತಾಳಾ?"

"ಹೂಂ."

"ನನ್ನ ತಲೆ ಅವತ್ತೇ ಒಣಗಿತಲ್ಲ."

ಅದನ್ನು ಅಲ್ಲಿ ಹೋಗಿ ನಿಮ್ಮ ಚಿಕ್ಕಪ್ಪನಿಗೆ ಹೇಳು ಅಂದೆ. ಹೇಳಿದಳೋ ಏನೋ. ಅವಳ ಮದುವೆಯ ಮಾತು ಬಂದಾಗ ಅಕ್ಕ ಹಟ ಹಿಡಿದಳು. ಹುಡುಗ ಹೇಗಿದ್ದರೂ ಸರಿ, ಗೆರೆ ಇಲ್ಲದ ಊರಿಗೇ ಕೊಡಬೇಕು. ಹೊಳೆಯಾಚೆಯ ಊರು ಸಿಕ್ಕಿತು. ಹುಡುಗನೂ ಹೇಗೋ ಇದ್ದ. ಅದಾಗಿ ನಾಲ್ಕು ವರ್ಷ.

ಕಳೆದ ತಿಂಗಳು ಮಂದಾರ ಒಬ್ಬಳೇ ಬಂದಳು. ದೊಡ್ಡ ಬ್ಯಾಗು ತಂದಿದ್ದಳು, ಎಷ್ಟು ದಿನಕ್ಕೆ ಅಂತ ಹೇಳಲಿಲ್ಲ. ಬಸ್ಸಿನಿಂದ ಇಳಿದಾಗ ಸಂಜೆಯಾಗಿತ್ತು. ಅಕ್ಕ ದೇವರಿಗೆ ದೀಪ ಹಚ್ಚುತ್ತಿದ್ದಳು. ನಾನು ಕಾಫಿ ಸೋಸುತ್ತಿದ್ದಾಗ ಪಕ್ಕಕ್ಕೆ ಬಂದು ನಿಂತು, ಯಾರದೋ ಸುದ್ದಿ ಹೇಳುವ ಹಾಗೆ ಹೇಳಿದಳು.

"ನಮ್ಮತ್ತೆ ಏನಂದರು ಗೊತ್ತಾ ಚಿಕ್ಕಮ್ಮ? ನಮ್ಮ ಹಿತ್ತಿಲ ಮಾತೇ ಅಂದರು. ಅಕ್ಷರ ಕೂಡ ಬದಲಾಗಿಲ್ಲ. ವಾರಗಿತ್ತಿಯ ಕೂಸು ಎತ್ತಿಕೊಂಡಿದ್ದೆ, ಕುತ್ತಿಗೆ ಸರಿಯಾಗಿ ಹಿಡೀಲಿಲ್ಲ ಅಂತ. ಕೋಪದಲ್ಲಿ ಅಂದದ್ದೂ ಅಲ್ಲ, ಹಪ್ಪಳ ಕರೀತಾ ಅಂದರು."

"ಆಮೇಲೆ?"

"ಆಮೇಲೇನು. ನಾನು ನಿಮ್ಮ ಹಾಗೆ ಸುಮ್ಮನೆ ನಿಂತೆ. ಅಭ್ಯಾಸ ಇತ್ತಲ್ಲ."

ಸೋಸುವ ಬಟ್ಟೆ ನನ್ನ ಕೈಯಿಂದ ಜಾರಿ ಗಸಿಯೆಲ್ಲ ಲೋಟಕ್ಕೆ ಬಿತ್ತು. ನೆಲದ ತಾಳ್ಮೆ, ನೀರಿನ ಒಪ್ಪಿಗೆ. ಇದನ್ನು ನೋಡಿಕೊಂಡು ಬೆಳೆದ ಹುಡುಗಿ ಇನ್ನೇನು ಕಲಿಯಬೇಕಿತ್ತು.

ಅಕ್ಕನಿಗೆ ನಾನೇ ಹೇಳಿದೆ. ಹೇಳದೆ ವಿಧಿಯಿರಲಿಲ್ಲ, ಬೆಳಗಾದರೆ ಅವಳು ಕಲ್ಲಿನ ಹತ್ತಿರ ಬಂದು ಆ ಮಾತು ಅನ್ನಬೇಕಲ್ಲ. ಅವಳು ಹೊಸೆಯುತ್ತಿದ್ದ ದೀಪದ ಬತ್ತಿಯನ್ನು ಕೆಳಗಿಟ್ಟಳು. "ಅವಳ ಎದುರಿಗೆ ಹೆಂಗೆ ಅನ್ನಲಿ ವಾರಿಜಾ" ಅಂದಳು. ನಮ್ಮಿಬ್ಬರ ನಡುವೆ ಆ ವಿಷಯ ಬಂದದ್ದು ಎಷ್ಟೋ ವರ್ಷದ ಮೇಲೆ.

ಗಂಡನ ಹತ್ತಿರ ಹೋದೆ. ಮಂದಾರ ಇರುವಷ್ಟು ದಿನ ಇದನ್ನು ನಿಲ್ಲಿಸಿ ಅಂದೆ. ಅವರು ನಾಳೆಗೆ ಸುಣ್ಣದ ಕಡ್ಡಿಯ ತುದಿ ಚೂಪು ಮಾಡುತ್ತಿದ್ದರು.

"ಕೃತಿಗೆ ರಜೆ ಇರತ್ತೇನೆ?"

"ಮಗು ನೊಂದುಕೊಂಡು ಬಂದಿದೆ ರೀ."

"ಅದಕ್ಕೇ ಹೇಳ್ತೀನಿ, ನಾಳೆ ಅಷ್ಟು ಹೊತ್ತು ಎಲ್ಲಾದರೂ ಕಳಿಸು. ರವಿಕೆ ಹೊಲಿಯೋಕೆ ಹಾಕಿ ಬಾ ಅನ್ನು. ನಾಳೆ ಎರಡು ವ್ಯಾನು ತುಂಬ ಜನ ಬರ್ತಿದ್ದಾರೆ, ದೂರದಿಂದ. ಬೇಡ ಅನ್ನೋಕಾಗತ್ತಾ?"

"ನಿಮಗೆ ಅನ್ನೋಕಾಗಲ್ಲ" ಅಂದೆ. ಅವರು ಅದನ್ನು ಒಪ್ಪಿಗೆ ಅಂತ ತಿಳಿದುಕೊಂಡರು. ನನ್ನ ಮೌನಕ್ಕೆ ಒಗ್ಗಿಹೋದವರಿಗೆ ನನ್ನ ಮಾತು ಕೇಳಿಸುವುದಿಲ್ಲ.

ಬೆಳಿಗ್ಗೆ ಮಂದಾರಳ ಕೈಗೆ ರವಿಕೆ ಬಟ್ಟೆ ಕೊಟ್ಟು ದರ್ಜಿ ಅಂಗಡಿಗೆ ಹೋಗಿ ಬಾ ಅಂದೆ. ಅವಳು ಬಟ್ಟೆ ಮಡಿಸಿ ಬೀರುವಿನ ಮೇಲಿಟ್ಟಳು. "ಚಿಕ್ಕಮ್ಮ, ನಾನೇನು ಹೊಸಬಳಾ? ಹೊತ್ತಾಯ್ತು, ನಡೀರಿ" ಅಂದಳು. ನಾವು ಗೆರೆಯೊಳಗೆ ಹೋಗಿ ನಿಂತಾಗ ಅವಳು ಬಂದು ಜನರ ನಡುವೆ ನಿಂತುಕೊಂಡಳು. ಹಿತ್ತಿಲು ಕಾಲಿಡಲು ಜಾಗವಿಲ್ಲದಷ್ಟು ತುಂಬಿತ್ತು. ದಿನಮಣಿ ಮೇಷ್ಟ್ರಿಗೆ ಮುಂದುಗಡೆ ಕುರ್ಚಿ ಹಾಕಿದ್ದರು. ಈಗ ಅವರ ಕಣ್ಣು ಅಷ್ಟಾಗಿ ಕಾಣುವುದಿಲ್ಲ, ಮಾತಿನ ಮೇಲೆ ಕಿವಿಯಿಟ್ಟು ಕೂತಿರುತ್ತಾರೆ.

ನಾನು ಹೊದಿಕೆ ನೀರಿನಲ್ಲಿ ಅದ್ದಿ ಎತ್ತಿದೆ. ಅಕ್ಕ ಯಾರನ್ನು ಕೇಳಿ ಹಾಕಿದೆ ಅಂದಳು. ತಲೆಯೆಲ್ಲ ಅಂಟಾಗಿತ್ತು ಅಂದೆ. ಅತ್ತಿದ್ದಕ್ಕೆಲ್ಲ ಕುಣಿಯೋದಾ ಅಂದಳು. ಬಿಸಿನೀರೇ ಹಾಕಿದ್ದು, ಚೆನ್ನಾಗಿ ಒರೆಸಿದೀನಿ ಅಂದೆ.

ಅಕ್ಕ ಒರೆಸಿದಾಳಂತೆ ಅಂದಳು. ಅಷ್ಟಕ್ಕೆ ನಿಂತಳು.

ಅವಳ ಕಣ್ಣು ಮಗಳ ಮೇಲಿತ್ತು. ಜನ ಒಂದು ಹೆಜ್ಜೆ ಮುಂದೆ ಬಂದರು. ಹಿಂದೆ ಯಾರೋ ಪಿಸುಗುಟ್ಟಿದರು, ಇಲ್ಲಿ ಇಷ್ಟು ವಿರಾಮ ಮೊದಲು ಇರಲಿಲ್ಲ ಅಂತ. ಮೇಷ್ಟ್ರು ಕುರ್ಚಿಯಿಂದ ಮುಂದೆ ಬಾಗಿ ಮೆಲ್ಲಗೆ, "ಹೆತ್ತಿದ್ದರೆ" ಅಂತ ಎತ್ತಿಕೊಟ್ಟರು. ಅಕ್ಕ ತಲೆ ಅಲ್ಲಾಡಿಸಿದಳು. ಆಗ ಮೆಟ್ಟಿಲ ಮೇಲಿಂದ ನನ್ನ ಗಂಡ, ಮರೆತ ದಿನಸಿಯ ಹೆಸರು ನೆನಪಿಸುವಂಥ ದನಿಯಲ್ಲಿ, "ಅತ್ತಿಗೇ, ಹೆತ್ತಿದ್ದರೆ ಗೊತ್ತಾಗ್ತಿತ್ತು, ಅನ್ನಿ" ಅಂದರು.

"ನೀವು ಬಾಯಿ ಮುಚ್ಚಿ" ಅಂದೆ.

ಗೆರೆಯೊಳಗೆ ನಿಂತು ನಾನು ನನ್ನ ಸ್ವಂತ ಮಾತು ಆಡಿದ್ದು ಅದೇ ಮೊದಲು. ಸ್ವರ ಒಡೆದು ಬಂತು. ಹದಿನೆಂಟು ವರ್ಷ ಉತ್ತರವೊಂದನ್ನು ಹಿಡಿದಿಟ್ಟುಕೊಂಡಿದ್ದವಳ ಬಾಯಿಂದ ಕಡೆಗೆ ಬಂದದ್ದು ಇದು. ನನ್ನ ಗಂಡ ಯಾರಿಗೆ ಹೇಳಿದ್ದು ಅನ್ನುವ ಹಾಗೆ ಹಿಂತಿರುಗಿ ನೋಡಿದರು. ಹಿಂದೆ ಬಾಗಿಲು ಮಾತ್ರ ಇತ್ತು.

"ಅಮ್ಮಾ" ಅಂದರು ಮೇಷ್ಟ್ರು, ಸಮಾಧಾನದಿಂದಲೇ. "ನಿಮ್ಮ ಪಾಲಿನದು ಮೌನ."

"ಇಷ್ಟು ವರ್ಷ ಮಾಡಿದೆನಲ್ಲ ಮೇಷ್ಟ್ರೇ. ಇನ್ನು ನೀವು ಮಾಡಿ."

ಯಾರೋ ಚಪ್ಪಾಳೆ ತಟ್ಟಿದರು. ಇನ್ಯಾರೋ ಶ್ ಅಂದರು. ಒಬ್ಬ ಗಡ್ಡದವನು ಪಕ್ಕದವನಿಗೆ ಇದು ಹೊಸ ಘಟ್ಟ, ಕೃತಿ ತನ್ನನ್ನು ತಾನೇ ಮುರಿದುಕೊಳ್ಳುತ್ತಿದೆ ಅಂದ. ನನಗೆ ಅಳು ಬಂತು. ಸಿಟ್ಟು ಬಂದರೂ ಘಟ್ಟ, ಅತ್ತರೂ ಘಟ್ಟ, ಈ ಕಲ್ಲಿಗೆ ತಲೆ ಚಚ್ಚಿಕೊಂಡರೆ ಅದೂ ಘಟ್ಟವೇ. ಈ ಜನರನ್ನು ಯಾವ ಮಾತಿನಿಂದ ಮನೆಗೆ ಕಳಿಸುವುದು ಅಂತ ತಿಳಿಯದೆ ಹೊದಿಕೆ ಹಿಡಿದು ನಿಂತುಬಿಟ್ಟೆ.

ಆಗ ಮಂದಾರ ತನ್ನ ಪಕ್ಕದಲ್ಲಿದ್ದ ಹೆಂಗಸಿನ ಕಡೆ ತಿರುಗಿದಳು. ರೇಷ್ಮೆ ಅಂಚಿನ ಸೀರೆಯ, ತಲೆ ಚೆನ್ನಾಗಿ ವಾಲಿಸಿದ್ದ ಹೆಂಗಸು. "ನಿಮಗೆ ಮಕ್ಕಳೆಷ್ಟು?" ಅಂತ ಕೇಳಿದಳು.

ಆಕೆಯ ತಲೆ ನೆಟ್ಟಗಾಯಿತು. "ನನಗಾ? ಯಾಕಮ್ಮ?"

"ಸುಮ್ಮನೆ. ಎಷ್ಟು?"

"ಒಂದು... ಇತ್ತು" ಅಂದಳು ಆಕೆ.

ಎಲ್ಲರೂ ಆಕೆಯನ್ನು ನೋಡಿದರು. ಆಕೆ ಸೆರಗನ್ನು ಭುಜದ ತುಂಬ ಎಳೆದುಕೊಂಡಳು. ಮಂದಾರ ಆಕೆಯ ಕೈಯನ್ನು ಒಂದು ಕ್ಷಣ ಮುಟ್ಟಿ, ಆಕೆಯಾಚೆ ನಿಂತಿದ್ದವನನ್ನು ಕೇಳಿದಳು, "ನಿಮಗೆ?" ಅದು ಗಡ್ಡದವನು. ಅವನು ನನಗಿನ್ನೂ ಮದುವೆ ಅಂತ ಏನೋ ಶುರುಮಾಡಿ, ಕಿವಿ ಕೆಂಪಗೆ ಮಾಡಿಕೊಂಡು, ವ್ಯಾನಿನ ಹತ್ತಿರ ಏನೋ ಮರೆತಿದ್ದೇನೆ ಅಂದ. "ನಿಮಗೆ? ನಿಮಗೆ?" ಅವಳು ಕೂಗಲಿಲ್ಲ, ಬಡಿಸುವವರು ಪಂಕ್ತಿಯಲ್ಲಿ ಬೇಕಾ ಅಂತ ಕೇಳುತ್ತಾ ಹೋಗುವ ಹಾಗೆ ಒಬ್ಬೊಬ್ಬರನ್ನೇ ಕೇಳುತ್ತಾ ಹೋದಳು. ಕೇಳಿಸಿಕೊಂಡವರನ್ನು ಉಳಿದವರು ನೋಡುತ್ತಿದ್ದರು. ನೋಡಿಸಿಕೊಳ್ಳುವುದು ಆ ಜನಕ್ಕೆ ಅಭ್ಯಾಸವಿರಲಿಲ್ಲ. ಇನ್ನೂ ಸರದಿ ಬಾರದವರು ಮೊದಲೇ ಚಪ್ಪಲಿ ಹುಡುಕತೊಡಗಿದರು. ಕಡೆಗೆ ಮೇಷ್ಟ್ರೊಬ್ಬರೇ ಕುರ್ಚಿಯಲ್ಲಿ ಉಳಿದರು. ಅವರನ್ನು ಅವಳು ಕೇಳಲಿಲ್ಲ. ಕೈಹಿಡಿದು ಎಬ್ಬಿಸಿ, "ಬನ್ನಿ ತಾತ, ಬಿಸಿಲು" ಅಂತ ಬೀದಿ ಬಾಗಿಲ ತನಕ ಬಿಟ್ಟು ಬರಲು ಹೋದಳು. ನನ್ನ ಗಂಡ ತಾವು ಕರೆಸಿದ ಅತಿಥಿಗಳ ಹಿಂದೆ ಓಡಿದರು.

ಹಿತ್ತಿಲಲ್ಲಿ ನಾವಿಬ್ಬರೇ. ಹೊದಿಕೆಯಿಂದ ನೀರು ಇಳಿದು ಗೆರೆ ಅಲ್ಲಲ್ಲಿ ಕರಗಿತ್ತು. ಏನು ಮಾಡುವುದು ಅಂತ ತಿಳಿಯದೆ ನಾನು ಹೊದಿಕೆಯ ಒಂದು ತುದಿಯನ್ನು ಅಕ್ಕನ ಕಡೆ ಚಾಚಿದೆ. ಒಬ್ಬಳೇ ಹಿಂಡಲಾಗದಷ್ಟು ಭಾರದ ಹೊದಿಕೆ. ಇಷ್ಟು ವರ್ಷ ಅದನ್ನು ಹಿಂಡದೆಯೇ ಹಗ್ಗಕ್ಕೆ ಎಸೆದು ಹೋಗಿದ್ದೇನೆ. ಅವಳು ಹಿಡಿದುಕೊಂಡಳು.

"ಅಕ್ಕ, ಆವತ್ತು ಜ್ವರ ಏರಿದಾಗ ಮಂದು ಕರೆದದ್ದು ನನ್ನನ್ನ" ಅಂದೆ. ಚುಚ್ಚಬೇಕು ಅಂತ ಹೇಳಲಿಲ್ಲ. ಒಳಗಿಟ್ಟು ಇಟ್ಟು ಅದರ ಮೊನೆ ಎಂದೋ ಮೊಂಡಾಗಿತ್ತು. ಹೇಳದೆ ಉಳಿದರೆ ಇನ್ನೆಲ್ಲಿಡುವುದು ಅಂತ ಹೇಳಿದೆ. "ನಿನ್ನ ಪಕ್ಕದಲ್ಲೇ ಮಲಗಿಕೊಂಡು ನನ್ನನ್ನ ಕರೆದಳು. ನಿನಗೆ ನಿದ್ದೆ."

ಅಕ್ಕ ತನ್ನ ತುದಿಯನ್ನು ಮಣಿಕಟ್ಟಿಗೆ ಒಂದು ಸುತ್ತು ಸುತ್ತಿಕೊಂಡಳು.

"ನಿದ್ದೆ ಎಲ್ಲಿಂದ ಬರಬೇಕು. ಮಗುಗೆ ಅಷ್ಟು ಜ್ವರ" ಅಂದಳು. "ಎರಡು ಸಲ ಕೂಗಿದಳು. ಎರಡೂ ಕೇಳಿಸ್ತು. ಇನ್ನೇನು ಮಾಡಲಿ ಅಂತ ಮಗ್ಗುಲಾದೆ. ಅದನ್ನ ಕೇಳಿಸಿಕೊಳ್ಳದೇ ಇದ್ದಿದ್ದರೆ ಆ ಮಾತು ನನ್ನ ಬಾಯಲ್ಲಿ ಯಾಕೆ ಬರ್ತಿತ್ತು, ಹೇಳು."

ನಾನು ಹೊದಿಕೆ ತಿರುಗಿಸತೊಡಗಿದೆ. ಅವಳೂ ತಿರುಗಿಸಿದಳು. ನೀರು ಇಳಿಯಲಿಲ್ಲ.

"ಯಾವ ಕಡೆಗೆ ತಿರುಗಿಸ್ತಿದೀಯೇ? ನಾನು ತಿರುಗಿಸಿದ್ದನ್ನೆಲ್ಲ ನೀನು ಬಿಚ್ತಿದೀಯ" ಅಂದಳು.

"ನಾನು ಮೊದಲು ಶುರುಮಾಡಿದ್ದು ಅಕ್ಕ. ನೀನು ನೋಡಿ ತಿರುಗಿಸಬೇಕು."

"ಆಹಾ, ನಾನು ನೋಡಬೇಕಂತೆ. ಈ ಮನೇಲಿ ಹೊದಿಕೆ ಹಿಂಡೋದನ್ನ ನಿನಗೆ ಕಲಿಸಿದ್ದು ಯಾರು?"

"ಕಲಿಸಿದ್ದು ಸರಿಯಿದ್ದಿದ್ದರೆ ನೀರು ಇಳೀತಿತ್ತಲ್ಲ."

"ನಾಲಿಗೆ ನೋಡು ಇವಳದು. ಇಷ್ಟು ವರ್ಷ ಎಲ್ಲಿಟ್ಟಿದ್ದೆ ಇದನ್ನ?"

"ಇಲ್ಲೇ ಇತ್ತು, ನಿನ್ನೆದುರಿಗೇ."

ನಮ್ಮ ದನಿ ಏರಿರಬೇಕು. ಬೀದಿಯ ಕಡೆಯಿಂದ ನನ್ನ ಗಂಡ ದಡಬಡ ಬರುವ ಹೆಜ್ಜೆಯ ಸದ್ದು ಕೇಳಿಸಿತು. ಅಡುಗೆಮನೆಯಲ್ಲಿ ಮಂದಾರ, "ಚಿಕ್ಕಪ್ಪ, ಆ ಸುಣ್ಣದ ಕಡ್ಡಿ ಇಲ್ಲಿ ಕೊಡಿ. ಕೊಡಿ ಅಂದೆ" ಅನ್ನುತ್ತಿದ್ದಳು. ಆಮೇಲೆ ಹಿತ್ತಿಲ ಬಾಗಿಲು ಮುಚ್ಚಿ, ಒಳಗಿನಿಂದ ಚಿಲಕ ಬಿತ್ತು. ಅಕ್ಕ ಬಲಕ್ಕೆ ತಿರುಗಿಸು ಅಂತಲೇ ಇದ್ದಳು. ಯಾರ ಬಲಕ್ಕೆ ಅಂತ ನಾನೂ ಬಿಡದೆ ಕೇಳುತ್ತಿದ್ದೆ.